ತಡಮೆಯಾಚೆಯ ನಿಸರ್ಗ

ಮಲೆನಾಡಿನ ತೋಟಗಳನ್ನು ಕಂಡವರಿಗೆ ತಡಮೆಯ ಪರಿಚಯವಿದ್ದೇ ಇರುತ್ತದೆ. ಬೇಲಿಯ ನಡುವೆ ದನಗಳು ನುಗ್ಗದಂತೆಯೂ ಮನುಷ್ಯರು ಕಾಲೆತ್ತಿ ದಾಟುವಂತೆಯೂ ಮಾಡಿದ ಸರಳವಾದ ಏರ್ಪಾಡು ಅದು. ನಗರಗಳ ಉದ್ಯಾನಗಳಿಗೂ ಇಂಥದೇ ತಡಮೆಗಳು ಬಂದಿವೆ. ಬೀದಿಯ ದನಗಳನ್ನೂ ಮೋಟಾರು ಸೈಕಲ್ಲುಗಳನ್ನೂ ತಡೆಯಲೆಂದು ಬಾಗಿಲಲ್ಲಿ ಕಬ್ಬಿಣದ ಕಂಬಗಳನ್ನು ಒತ್ತೊತ್ತಾಗಿ ನೆಡುತ್ತಾರೆ, ಇಲ್ಲವೆ ಒಬ್ಬೊಬ್ಬರೇ ಮೈಹಿಂಡಿಕೊಂಡು ನುಸುಳಬೇಕಾದ ಅಂಕುಡೊಂಕಿನ ಗೇಟನ್ನು ಇಡುತ್ತಾರೆ. ಉದ್ದೇಶ ಒಳ್ಳೆಯದೇ. ಆದರೆ ಈ ಏರ್ಪಾಡು ಕಾಲೆತ್ತಬಲ್ಲವನನ್ನು ಮಾತ್ರ ಮನುಷ್ಯನೆಂದು ಗುರುತಿಸುತ್ತದೆ. ಗಾಲಿಕುರ್ಚಿಯಲ್ಲಿ ಬಂದವನು ದನಗಳ ಜೊತೆಗೆ ಹೊರಗೆ ಉಳಿಯುತ್ತಾನೆ.

ಇದನ್ನು ಸಣ್ಣ ಸಂಗತಿಯೆಂದು ತಳ್ಳಿಹಾಕುವಂತಿಲ್ಲ. 2011ರ ಜನಗಣತಿಯ ಪ್ರಕಾರ ನಮ್ಮ ದೇಶದಲ್ಲಿ ಅಂಗವಿಕಲರ ಸಂಖ್ಯೆ ಸುಮಾರು 2 ಕೋಟಿ 68 ಲಕ್ಷ. ಮೊಣಕಾಲು ಸೋತ ವೃದ್ಧರನ್ನೂ ತಳ್ಳುಗಾಡಿಯಲ್ಲಿ ಮಗುವನ್ನು ಕರೆತರುವ ತಾಯಂದಿರನ್ನೂ ಈ ಲೆಕ್ಕಕ್ಕೆ ಸೇರಿಸಿದರೆ, ಮೆಟ್ಟಿಲಿನೆದುರು ನಿಂತುಬಿಡುವವರ ಸಂಖ್ಯೆ ಇನ್ನೂ ಹೆಚ್ಚುತ್ತದೆ. ವಿಶ್ವಸಂಸ್ಥೆಯು 2006ರಲ್ಲಿ ಅಂಗೀಕರಿಸಿದ ಒಡಂಬಡಿಕೆಗೆ ಭಾರತವು 2007ರಲ್ಲಿ ಸಮ್ಮತಿಯಿತ್ತಿತು. ಅದಕ್ಕನುಗುಣವಾಗಿ 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯು 2017ರಲ್ಲಿ ಜಾರಿಗೆ ಬಂದಿತು. ವಿಹಾರ ಮತ್ತು ಮನೋರಂಜನೆಗಳಲ್ಲಿ ಇತರರಂತೆ ಪಾಲುಗೊಳ್ಳುವುದೂ ಆ ಹಕ್ಕುಗಳಲ್ಲಿ ಒಂದು. ಆದ್ದರಿಂದ ಉದ್ಯಾನದ ಬಾಗಿಲನ್ನು ಅಗಲಗೊಳಿಸುವುದು ಕರುಣೆಯ ಕಾರ್ಯವಲ್ಲ, ಸಲ್ಲಬೇಕಾದುದನ್ನು ಸಲ್ಲಿಸುವ ಕಾರ್ಯ ಎಂಬುದು ನಮ್ಮ ಅಭಿಪ್ರಾಯ.

ಹಾಗಾದರೆ ಮಾಡಬೇಕಾದುದೇನು? ಉತ್ತರವು ಪ್ರೌಢಶಾಲೆಯ ಭೌತಶಾಸ್ತ್ರದಲ್ಲಿಯೇ ಇದೆ. ಕುಳಿತವನೂ ಕುರ್ಚಿಯೂ ಸೇರಿ 90 ಕಿಲೋಗ್ರಾಂ ತೂಕವಿದೆ ಎಂದಿಟ್ಟುಕೊಳ್ಳೋಣ. ಅದನ್ನು ಮೆಟ್ಟಿಲಿನ ಮೇಲೆ ಎತ್ತಲು ನಾಲ್ವರು ಬೇಕಾದಾರು. ಇಳಿಜಾರು ಸಮತಲವು ಆ ಭಾರವನ್ನು ದೂರದ ಮೇಲೆ ಹಂಚುತ್ತದೆ. 12 ಅಡಿ ಸಾಗಿದಾಗ 1 ಅಡಿ ಏರುವ ಇಳಿಜಾರಿನಲ್ಲಿ, ಘರ್ಷಣೆಯನ್ನು ಬಿಟ್ಟು ಲೆಕ್ಕ ಹಾಕಿದರೆ, ಸುಮಾರು 7½ ಕಿಲೋಗ್ರಾಂ ತೂಕದಷ್ಟು ಬಲ ಸಾಕು. 6 ಅಡಿಗೆ 1 ಅಡಿ ಏರಿದರೆ ಬೇಕಾಗುವ ಬಲವು ಸುಮಾರು ಇಮ್ಮಡಿಯಾಗುತ್ತದೆ. ಸ್ವಂತ ತೋಳುಗಳಿಂದಲೇ ಗಾಲಿ ತಿರುಗಿಸುವವನಿಗೆ ಇದು ಅಸಾಧ್ಯವಾದೀತು, ಕುರ್ಚಿ ಹಿಂದಕ್ಕೆ ಮಗುಚುವ ಅಪಾಯವೂ ಉಂಟು. ಇದಕ್ಕಾಗಿಯೇ 12ಕ್ಕೆ 1 ಎಂಬ ಮಿತಿಯನ್ನು ಕಟ್ಟಡದ ನಿಯಮಗಳಲ್ಲಿ ಇಟ್ಟಿರುವುದು. 15 ಸೆಂಟಿಮೀಟರ್ ಎತ್ತರದ ಮೂರು ಮೆಟ್ಟಿಲುಗಳ ಬದಲಿಗೆ 5.4 ಮೀಟರ್ ಉದ್ದದ ಇಳಿಜಾರು ಬೇಕು. ಜಾಗ ಉಳಿಸಲೆಂದು ಎರಡೇ ಮೀಟರಿನಲ್ಲಿ ಕಟ್ಟಿಬಿಡುವ ಇಳಿಜಾರು ಕಣ್ಣೊರೆಸುವ ಕೆಲಸವೇ ಹೊರತು ಬೇರೇನಲ್ಲ.

ದಾರಿಯ ಮೇಲ್ಮೈಯೂ ಅಷ್ಟೇ ಮುಖ್ಯವಾದುದು. ಉದ್ಯಾನದ ಹಾದಿಗೆ ಸಡಿಲವಾದ ಜಲ್ಲಿಯನ್ನು ಹರಡಿದರೆ ನೋಟಕ್ಕೆ ಚೆಂದ. ಆದರೆ ಕುರ್ಚಿಯ ಸಣ್ಣ ಮುಂಗಾಲಿಗಳು ಅದರಲ್ಲಿ ಹೂತುಹೋಗುತ್ತವೆ. ಅದೇ ಹಾದಿಗೆ ಮಣ್ಣು ಹಾಕಿ ನೀರು ಚಿಮುಕಿಸಿ ಗಟ್ಟಿಯಾಗಿ ದಮ್ಮಸು ಮಾಡಿದರೆ ಗಾಲಿ ಸಲೀಸಾಗಿ ಉರುಳುತ್ತದೆ. ಸಿಮೆಂಟೇ ಬೇಕೆಂದಿಲ್ಲ.

ಇಲ್ಲಿ ಕೆಲವರು ಆಕ್ಷೇಪವೆತ್ತುವುದುಂಟು: “ಎಲ್ಲರಿಗೂ ದಾರಿ ಮಾಡಹೊರಟರೆ ಕಾಡು ಕಾಡಾಗಿ ಉಳಿಯುವುದೆ?” ಈ ಪ್ರಶ್ನೆಯನ್ನು ಹಗುರವಾಗಿ ಕಾಣಲಾಗದು. ಪ್ರತಿಯೊಂದು ಶಿಖರಕ್ಕೂ ರಸ್ತೆ ಕಡಿಯಬೇಕೆಂದು ನಾವು ಹೇಳುತ್ತಿಲ್ಲ. ಬೆಂಗಳೂರಿನ ಲಾಲ್‌ಬಾಗಿನ ಬಂಡೆಯನ್ನೇ ತೆಗೆದುಕೊಳ್ಳಿ. ಸುಮಾರು 300 ಕೋಟಿ ವರ್ಷಗಳಷ್ಟು ಹಳೆಯದಾದ ಆ ಶಿಲೆಯ ನೆತ್ತಿಗೆ ಗಾಲಿಕುರ್ಚಿ ಏರಬೇಕಾಗಿಲ್ಲ. ಬುಡದಲ್ಲಿರುವುದೂ ಅದೇ ಶಿಲೆಯಷ್ಟೆ! ಅಲ್ಲಿಯವರೆಗೆ ಒಳ್ಳೆಯ ದಾರಿಯಿದ್ದು, ಕೈಯಿಟ್ಟು ಅದರ ಹರಳುಗಳನ್ನು ಮುಟ್ಟಿ ನೋಡಲು ಸಾಧ್ಯವಾದರೆ ಭೂವಿಜ್ಞಾನದ ಪಾಠ ಆರಂಭವಾದಂತೆಯೇ ಸರಿ. ಇನ್ನು, ನೆಲದಿಂದ ಎತ್ತರಿಸಿ ಕಟ್ಟಿದ ಹಲಗೆಯ ದಾರಿಯು ಕಾಡಿಗೆ ಕೇಡಲ್ಲ, ರಕ್ಷಣೆ. ನೂರಾರು ಕಾಲುಗಳು ತುಳಿದಾಗ ಮಣ್ಣು ಬಿಗಿದು ಬೇರುಗಳಿಗೆ ಗಾಳಿಯೂ ನೀರೂ ದೊರೆಯುವುದಿಲ್ಲ. ಹೊನ್ನಾವರದ ಬಳಿ ಶರಾವತಿಯ ಕಾಂಡ್ಲಾ ವನದಲ್ಲಿ ಹಲಗೆಯ ದಾರಿಯ ಮೇಲೆ ನಡೆಯುವವರು ಕೆಸರಿನಿಂದ ಮೇಲೆದ್ದ ಉಸಿರುಬೇರುಗಳನ್ನು ತುಳಿಯದೆಯೇ ನೋಡಬಲ್ಲರು. ಇಂಥ ದಾರಿಗಳನ್ನು ಕಟ್ಟುವಾಗಲೇ ಮೆಟ್ಟಿಲಿಲ್ಲದಂತೆಯೂ ಗಾಲಿಗೆ ಸಾಕಷ್ಟು ಅಗಲವಾಗಿರುವಂತೆಯೂ ಯೋಜಿಸಿದರೆ ಒಂದೇ ಖರ್ಚಿನಲ್ಲಿ ಎರಡು ಕೆಲಸ ಕೈಗೂಡುತ್ತವೆ.

ನಿಸರ್ಗವೆಂದರೆ ಕಣ್ಣಿಗೆ ಕಾಣುವುದು ಮಾತ್ರ ಎಂಬ ಭ್ರಮೆಯನ್ನೂ ನಾವು ಬಿಡಬೇಕು. ನಾಗಲಿಂಗದ ಮರದಲ್ಲಿ ಹೂಗಳು ಕಾಂಡದ ಮೇಲೆಯೇ ಅರಳುತ್ತವೆ. ಕಾಣದವನಿಗೂ ಅವು ಕೈಗೆಟುಕುತ್ತವೆ, ಪರಿಮಳವಂತೂ ಕರೆಯದೆಯೇ ಬರುತ್ತದೆ. ಅಂಥ ಮರದ ಬಳಿ ಬ್ರೈಲ್ ಲಿಪಿಯ ಫಲಕವೊಂದಿದ್ದರೆ ಅದರ ಹೆಸರೂ ವಂಶವೂ ಬೆರಳ ತುದಿಗೆ ದೊರೆತಂತಾಯಿತು. ನೆದರ್ಲೆಂಡ್ಸಿನಲ್ಲಿ 1946ರಲ್ಲಿ ಜನಿಸಿದ ಗೀರಟ್ ವರ್ಮೇ ಎಂಬವರು ಮೂರನೆಯ ವಯಸ್ಸಿನಲ್ಲಿಯೇ ದೃಷ್ಟಿಯನ್ನು ಕಳೆದುಕೊಂಡರು. ಅಮೆರಿಕದ ಶಾಲೆಯಲ್ಲಿ ಅಧ್ಯಾಪಕಿಯೊಬ್ಬರು ತಂದಿಟ್ಟ ಕಡಲಚಿಪ್ಪುಗಳನ್ನು ಮುಟ್ಟಿದ ಆ ಬಾಲಕ ಮುಂದೆ ಚಿಪ್ಪುಜೀವಿಗಳ ಶಾಸ್ತ್ರದಲ್ಲಿ ಜಗತ್ತಿನ ದೊಡ್ಡ ವಿದ್ವಾಂಸರಲ್ಲೊಬ್ಬರಾದರು. ಹಳೆಯ ಚಿಪ್ಪುಗಳಲ್ಲಿ ಒಡೆದು ಮತ್ತೆ ಕೂಡಿಕೊಂಡ ಗುರುತುಗಳನ್ನು ಬೆರಳಿನಿಂದಲೇ ಓದಿ, ಭಕ್ಷಕ ಪ್ರಾಣಿಗಳೂ ಅವುಗಳ ಬೇಟೆಯೂ ಯುಗಯುಗಗಳಿಂದ ನಡೆಸಿದ ಪೈಪೋಟಿಯನ್ನು ಅವರು ವಿವರಿಸಿದರು. ಆ ಚಿಪ್ಪುಗಳನ್ನು ಯಾರೂ ಅವರ ಕೈಗೆ ಕೊಡದೆ ಇದ್ದಿದ್ದರೆ ನಷ್ಟವಾಗುತ್ತಿದ್ದುದು ಅವರಿಗೊಬ್ಬರಿಗೇ ಅಲ್ಲ, ವಿಜ್ಞಾನಕ್ಕೂ ಸಹ. ಶಾಲೆಯ ಪ್ರವಾಸದ ದಿನ “ನೀನು ಬಸ್ಸಿನಲ್ಲೇ ಕುಳಿತಿರು” ಎಂದು ಒಬ್ಬ ವಿದ್ಯಾರ್ಥಿಗೆ ಹೇಳುವಾಗ ನಾವು ಇದನ್ನು ನೆನೆಯಬೇಕು.

ವಿದ್ಯಾರ್ಥಿ ಮಿತ್ರರು ಈ ವಿಷಯದಲ್ಲಿ ಇಂದೇ ಮಾಡಬಹುದಾದ ಕೆಲಸವೊಂದಿದೆ. ಒಂದು ಅಳತೆಪಟ್ಟಿಯನ್ನು ತೆಗೆದುಕೊಂಡು ನಿಮ್ಮ ಊರಿನ ಉದ್ಯಾನಕ್ಕೆ ಹೋಗಿ. ಬಾಗಿಲಿನ ಅಗಲವನ್ನು ಅಳೆಯಿರಿ. 90 ಸೆಂಟಿಮೀಟರಿಗಿಂತ ಕಡಿಮೆಯಿದ್ದರೆ ಗಾಲಿಕುರ್ಚಿಗೆ ಕಷ್ಟ. ಅಷ್ಟು ಅಗಲ ಬಿಟ್ಟರೆ ಮೋಟಾರು ಸೈಕಲ್ಲೂ ನುಗ್ಗೀತೆಂಬುದು ನಿಜ. ಅದಕ್ಕೆ ಕಾವಲುಗಾರನ ಪಕ್ಕದಲ್ಲೊಂದು ತೆರೆಯುವ ಬಾಗಿಲು ಪರಿಹಾರವೇ ವಿನಾ ಎಲ್ಲರಿಗೂ ತಡೆಯಲ್ಲ. ಇಳಿಜಾರಿನ ಉದ್ದವನ್ನೂ ಎತ್ತರವನ್ನೂ ಬರೆದುಕೊಂಡು ಭಾಗಿಸಿ ನೋಡಿ. ಸಾಧ್ಯವಾದರೆ ಗಾಲಿಕುರ್ಚಿಯನ್ನು ಬಳಸುವ ಗೆಳೆಯನನ್ನೇ ಜೊತೆಗೆ ಕರೆದೊಯ್ದು ಅವನ ಮಾತನ್ನು ಮೊದಲು ಕೇಳಿ, ಏಕೆಂದರೆ ಯಾವ ಕೋಷ್ಟಕಕ್ಕಿಂತಲೂ ಅವನ ತೋಳುಗಳಿಗೆ ಆ ದಾರಿಯ ವಿಷಯ ಚೆನ್ನಾಗಿ ಗೊತ್ತು. ಅನಂತರ ಆ ಅಂಕಿಗಳನ್ನು ನಗರಸಭೆಗೆ ಬರೆದು ಕಳುಹಿಸಿ. ಬರಿಯ ದೂರನ್ನು ಬದಿಗಿಡುವುದು ಸುಲಭ. ಅಳೆದು ಬರೆದ ಲೆಕ್ಕವನ್ನು ಬದಿಗಿಡುವುದು ಅಷ್ಟು ಸುಲಭವಲ್ಲ.