ಮುತ್ಯಾನ ಜೊತೆ ಸೋಡಾ ಮಾಡಿ

ಮಕ್ಕಳೇ, ನಿಂಬೆರಸಕ್ಕೆ ಚಿಟಿಕೆ ಅಡುಗೆ ಸೋಡಾ ಹಾಕಿದರೆ ಬುಸ್ ಎಂದು ನೊರೆ ಬರುವುದನ್ನು ನೀವು ಶಾಲೆಯಲ್ಲಿ ನೋಡಿರಬಹುದು. ನಿಂಬೆಯ ಸಿಟ್ರಿಕ್ ಆಮ್ಲ ಅಡುಗೆ ಸೋಡಾದೊಡನೆ ವರ್ತಿಸಿದಾಗ ಇಂಗಾಲದ ಡೈಆಕ್ಸೈಡ್ ಅನಿಲ ಬಿಡುಗಡೆಯಾಗುತ್ತದೆ. ಪುಸ್ತಕದಲ್ಲಿ ಇಷ್ಟು ಬರೆದು ಪ್ರಯೋಗ ಮುಗಿಯಿತು ಎನ್ನುತ್ತೇವೆ. ಅಲ್ಲಿಗೇ ಮುಗಿಯಬಾರದು ಎಂಬುದು ನನ್ನ ಅಭಿಪ್ರಾಯ. ಇದನ್ನು ನಿಮ್ಮೂರಿನ ಹಿರಿಯರ ಜೊತೆ ಕುಳಿತು ಇನ್ನೊಮ್ಮೆ ಮಾಡಿ.

ಪಟ್ಟಣಗಳ ವೃದ್ಧಾಶ್ರಮಗಳಲ್ಲಿ ಹಿರಿಯರಿಗೆಂದು ಏನಾದರೂ ಚಟುವಟಿಕೆ ನಡೆಸುವುದುಂಟು. ಶಹಾಪುರ ತಾಲ್ಲೂಕಿನ ದೋರನಹಳ್ಳಿಯಂಥ ಊರಿನಲ್ಲಿ ಮುತ್ಯಾ, ಆಯಿ ಮನೆಯಲ್ಲೇ ಇರುತ್ತಾರೆ, ಇಲ್ಲವೇ ಕಟ್ಟೆಯ ಮೇಲೆ ಸಿಗುತ್ತಾರೆ. ಅವರಿಗೆ ಚಟುವಟಿಕೆ ನಡೆಸುವವರು ಯಾರು? ನೀವೇ!

ಅವರಿಂದ ನಿಮಗೆ ಸಿಗುವುದೂ ಕಡಿಮೆಯಲ್ಲ. ಗೋಲಿ ಸೋಡಾದ ಬಗ್ಗೆ ಕೇಳಿ ನೋಡಿ. ಇಂಗ್ಲೆಂಡಿನ ಹೈರಮ್ ಕಾಡ್ ಎಂಬುವರು 1870ರ ದಶಕದಲ್ಲಿ ರೂಪಿಸಿದ ಬಾಟಲಿ ಅದು. ಮುಚ್ಚಳವಿಲ್ಲ, ಕೊರಳಲ್ಲಿ ಒಂದು ಗಾಜಿನ ಗೋಲಿ ಅಷ್ಟೆ. ಬಾಟಲಿಯನ್ನು ತಲೆಕೆಳಗೆ ಮಾಡಿದಾಗ ಗೋಲಿ ಬಾಯಿಯತ್ತ ಜಾರುತ್ತದೆ. ಒತ್ತಡದಲ್ಲಿ ತುಂಬಿದ ಅನಿಲವೇ ಅದನ್ನು ಒಳಗಿನಿಂದ ರಬ್ಬರ್ ಉಂಗುರಕ್ಕೆ ಒತ್ತಿ ಹಿಡಿಯುತ್ತದೆ. ಕೈಯಿಂದ ತಿರುಗಿಸುವ ಸೋಡಾ ಯಂತ್ರವನ್ನು ಕಂಡವರು ಇದನ್ನು ನನಗಿಂತ ಚೆನ್ನಾಗಿ ಹೇಳಿಯಾರು. ಆದರೆ ಮನೆಯಲ್ಲಿ ಬಾಟಲಿಗೆ ಸೋಡಾ, ನಿಂಬೆರಸ ಹಾಕಿ ಬಿರಡೆ ಬಿಗಿಯಬೇಡಿ, ಸಿಡಿದೀತು. ತೆರೆದ ಲೋಟವೇ ಸಾಕು.

ಒಂದು ಲೋಟ ತಣ್ಣನೆಯ ನೀರು, ಅರ್ಧ ನಿಂಬೆಹಣ್ಣಿನ ರಸ, ಒಂದು ಚಮಚ ಸಕ್ಕರೆ. ಕೊನೆಗೆ ಚಿಟಿಕೆ ಅಡುಗೆ ಸೋಡಾ. ಕೂಡಲೇ ಕುಡಿಯಬೇಕು. ಏಕೆ ಗೊತ್ತೇ? ಅನಿಲ ಬೇಗ ಹೊರಟುಹೋಗುತ್ತದೆ. ಬೆಚ್ಚಗಿನ ನೀರಿನಲ್ಲಂತೂ ಇನ್ನೂ ಬೇಗ.

ಕುಡಿಯಲು ಕೊಡುವ ಮೊದಲು ಹಿರಿಯರನ್ನೂ ಮನೆಯವರನ್ನೂ ಕೇಳಿ. ಅಡುಗೆ ಸೋಡಾ ಎಂದರೆ ಸೋಡಿಯಂ ಬೈಕಾರ್ಬೊನೇಟ್. ಅದರ 1 ಗ್ರಾಂನಲ್ಲಿ ಸುಮಾರು 270 ಮಿಲಿಗ್ರಾಂ ಸೋಡಿಯಂ ಇದೆ. ಅನಿಲ ಹೋದರೂ ಸೋಡಿಯಂ ಲೋಟದಲ್ಲೇ ಉಳಿಯುತ್ತದೆ. ದೊಡ್ಡವರಿಗೆ ದಿನಕ್ಕೆ 2000 ಮಿಲಿಗ್ರಾಂಗಿಂತ ಕಡಿಮೆ ಸೋಡಿಯಂ ಸಾಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಬಿಪಿ, ಹೃದಯ ಅಥವಾ ಮೂತ್ರಪಿಂಡದ ತೊಂದರೆ ಇರುವವರಿಗೆ ಇದನ್ನು ಕೊಡಬೇಡಿ. ಸಕ್ಕರೆ ಕಾಯಿಲೆಯವರಿಗೆ ಸಕ್ಕರೆಯೂ ಬೇಡ.

ಹಾಗೆಂದು ಬಿಪಿ ಇರುವ ಆಯಿಯನ್ನು ಮೂಲೆಯಲ್ಲಿ ಕೂರಿಸುವುದು ನನಗೆ ಸರಿ ಕಾಣದು. ನಿಂಬೆ ಹಿಂಡುವವರು ಅವರೇ ಆಗಲಿ. ಇನ್ನೊಂದು ಲೋಟಕ್ಕೆ ಧಾರಾಳವಾಗಿ ನಿಂಬೆರಸ, ಒಂದು ಚಮಚ ಸೋಡಾ ಹಾಕಿ, ಸಣ್ಣ ಒಣದ್ರಾಕ್ಷಿ ಬಿಡಲಿ. ಗುಳ್ಳೆ ಅಂಟಿದ ದ್ರಾಕ್ಷಿ ಮೇಲೇರುತ್ತದೆ, ಗುಳ್ಳೆ ಒಡೆದರೆ ಮುಳುಗುತ್ತದೆ. ಇದು ನೋಡಲಿಕ್ಕೆ ಮಾತ್ರ, ಕುಡಿಯಲಿಕ್ಕಲ್ಲ.

ಇನ್ನೂ ಒಂದು ಕಾರಣವಿದೆ. ಯಾದಗಿರಿ ಕಡೆ ಬೇಸಿಗೆಯಲ್ಲಿ ಉಷ್ಣತೆ 40 ಡಿಗ್ರಿ ದಾಟುತ್ತದೆ. ವಯಸ್ಸಾದಂತೆ ಬಾಯಾರಿಕೆ ಗೊತ್ತಾಗುವುದೇ ಕಡಿಮೆಯಾಗುತ್ತದೆ. ಮೈಯಲ್ಲಿ ನೀರು ಇಳಿದಿದ್ದರೂ ಮುತ್ಯಾ ‘ಬೇಡ’ ಎಂದಾರು. ತಾವೇ ಹಿಂಡಿದ ನಿಂಬೆಯ ನೀರನ್ನು ಬೇಡ ಎನ್ನುವವರು ಕಡಿಮೆ. ಸೋಡಾ ಆಗದವರಿಗೆ ಮಡಕೆಯ ನೀರಿಗೆ ಬರೀ ನಿಂಬೆರಸ ಹಾಕಿ ಕೊಡಿ. ಲೋಟ ತೊಳೆಯುವ ಕೆಲಸ ಮಾತ್ರ ನಿಮ್ಮದು.