ಜಾತ್ರೆಯ ನಾಟಕಕ್ಕೆ ಎರಡು ದಿನ

ಬನದ ಹುಣ್ಣಿಮೆ ಸಮೀಪಿಸಿದಂತೆ ಬಾದಾಮಿಯ ಬನಶಂಕರಿಯಲ್ಲಿ ನಾಟಕ ಕಂಪನಿಗಳ ರಂಗಮಂದಿರಗಳು ಎದ್ದು ನಿಲ್ಲುತ್ತವೆ. ತೇರು ಎಳೆದ ಮೇಲೂ ಆಟಗಳು ನಡೆಯುವುದರಿಂದ, ಸದ್ಭಕ್ತ ಕುಟುಂಬಗಳು ದಟ್ಟಣೆ ತಗ್ಗಿದ ಒಂದು ಶನಿವಾರ, ಭಾನುವಾರವನ್ನು ಇದಕ್ಕೆ ಮೀಸಲಿಡಬಹುದು.

ಬಾಗಲಕೋಟೆ, ಹುನಗುಂದ, ಇಳಕಲ್ಲಿನವರು ಮುಂಜಾನೆಯೇ ಹೊರಟು, ಕ್ರಿ.ಶ. 578ರ ಶಾಸನವಿರುವ ಬಾದಾಮಿಯ ಮೂರನೆಯ ಗುಹೆಯನ್ನೂ, 1909ರಲ್ಲಿ ಹಾನಗಲ್ಲ ಕುಮಾರ ಶಿವಯೋಗಿಗಳು ಸ್ಥಾಪಿಸಿದ ಶಿವಯೋಗಮಂದಿರವನ್ನೂ ನೋಡಲಿ. ಸಂಜೆ ದೇವಿಯ ದರ್ಶನ, ಬುತ್ತಿಯ ಊಟ, ರಾತ್ರಿ ನಾಟಕ. ಆಟ ಮುಗಿಯುವಾಗ ಹೊತ್ತಾಗುವುದರಿಂದ ಬಾದಾಮಿಯಲ್ಲಿ ವಸತಿಯನ್ನು ಮೊದಲೇ ಗೊತ್ತುಮಾಡಿಕೊಳ್ಳಬೇಕು. ಭಾನುವಾರ ಕೂಡಲಸಂಗಮದಲ್ಲಿ ಐಕ್ಯಮಂಟಪದ ದರ್ಶನ ಪಡೆದು ಮನೆ ಸೇರಬಹುದು.

ಮಠದಲ್ಲಿ ಓದಿದವರು ನಾಟಕ ನೋಡಿರೆನ್ನುವುದೇ ಎಂದು ನಮ್ಮನ್ನು ಕೇಳುವವರುಂಟು. ಏಣಗಿ ಬಾಳಪ್ಪನವರ ‘ಜಗಜ್ಯೋತಿ ಬಸವೇಶ್ವರ’ ನಾಟಕವು ಅಕ್ಷರವರಿಯದವರಿಗೂ ಬಸವಣ್ಣನವರನ್ನು ಮುಟ್ಟಿಸಿತೆಂಬುದನ್ನು ಅವರು ನೆನೆಯಲಿ. ಇಂದು ಕೆಲವು ಆಟಗಳಲ್ಲಿ ದ್ವಂದ್ವಾರ್ಥದ ಮಾತು ಹೆಚ್ಚಿರುವುದು ನಿಜ. ಆದರೆ ಸಂಭಾವಿತರು ಮನೆಯಲ್ಲಿಯೇ ಉಳಿದರೆ ಆ ಮಾತು ಇನ್ನೂ ಬೆಳೆಯುತ್ತದೆ. ಯಾವ ಆಟವೆಂದು ಮೊದಲೇ ವಿಚಾರಿಸಿ, ತಾಯಿ, ಮಕ್ಕಳ ಸಮೇತ ಮುಂದಿನ ಸಾಲಿನಲ್ಲಿ ಕುಳಿತುಕೊಳ್ಳಿರಿ; ನಟನ ನಾಲಗೆ ತಾನೇ ತೂಕ ಕಲಿಯುತ್ತದೆ. ಬಣ್ಣ ಹಚ್ಚುವುದೂ ಒಂದು ಕಾಯಕ. ನಾವು ಕೊಳ್ಳುವ ಟಿಕೆಟ್ಟಿನಿಂದಲೇ ಅವರ ಒಲೆ ಉರಿಯಬೇಕು.