ಲೈಸೆನ್ಸ್ ಅವರದು, ಸಹಿ ನಿಮ್ಮದು

ಮಗ ಟೊರಾಂಟೊದಲ್ಲಿ, ಸೊಸೆ ಮೈಸೂರಿನಲ್ಲಿ. ಮದುವೆಯ ಚಪ್ಪರ ಬಿಚ್ಚುವ ಮೊದಲೇ ಬಂಧುಗಳ ಸಲಹೆ ಶುರುವಾಗುತ್ತದೆ: ‘ಯಾರ್ಯಾರೋ ಏಜೆಂಟ್ ಹತ್ರ ಹೋಗ್ಬೇಡಿ, ಲೈಸೆನ್ಸ್ ಇರೋ ಕನ್ಸಲ್ಟೆಂಟನ್ನೇ ಹಿಡೀರಿ.’ ಕೆನಡಾ ಸರ್ಕಾರ ಹೇಳುವುದೂ ಹೆಚ್ಚುಕಡಿಮೆ ಇದನ್ನೇ. ಮಾತು ತಪ್ಪಲ್ಲ, ಅರ್ಧ. ಹೆಂಡತಿಯನ್ನು ಕರೆಸಿಕೊಳ್ಳಲು ಕನ್ಸಲ್ಟೆಂಟ್ ಬೇಕೇ ಬೇಕು ಎನ್ನುವುದನ್ನು ಅದು ಸದ್ದಿಲ್ಲದೆ ಒಪ್ಪಿಕೊಂಡುಬಿಡುತ್ತದೆ. ಹೆಚ್ಚಿನ ಮನೆಗಳಿಗೆ ಬೇಕಾಗಿಲ್ಲ ಎಂಬುದು ನನ್ನ ತಕರಾರು.

ಆ ಲೈಸೆನ್ಸ್‌ನ ಇತಿಹಾಸವನ್ನೇ ನೋಡಿ. ಕನ್ಸಲ್ಟೆಂಟರನ್ನು ಹದ್ದುಬಸ್ತಿನಲ್ಲಿಡಲು ಕೆನಡಾದಲ್ಲಿ 2004ರಲ್ಲಿ ಒಂದು ಸಂಸ್ಥೆ ಬಂತು. 2011ರಲ್ಲಿ ಅದನ್ನು ಬದಿಗೆ ಸರಿಸಿ ಇನ್ನೊಂದನ್ನು ತಂದರು. ಅದರ ಮೇಲೂ ದೂರುಗಳು ಬಿದ್ದು, 2021ರ ನವೆಂಬರಿನಲ್ಲಿ ‘ಕಾಲೇಜ್’ ಎಂಬ ಹೆಸರಿನ ಈಗಿನ ನಿಯಂತ್ರಣ ಸಂಸ್ಥೆ ಬಾಗಿಲು ತೆರೆಯಿತು. ನಡುವೆ 2017ರಲ್ಲಿ ಸಂಸದೀಯ ಸಮಿತಿಯೊಂದು, ಈ ವೃತ್ತಿಯ ಲಗಾಮನ್ನು ಸರ್ಕಾರವೇ ನೇರವಾಗಿ ಹಿಡಿಯಲಿ ಎಂದು ಶಿಫಾರಸು ಮಾಡಿತ್ತು. ಸರ್ಕಾರ ಅದನ್ನು ಒಪ್ಪದೆ ಮತ್ತೊಂದು ಸಂಸ್ಥೆ ಕಟ್ಟಿತು. ಹದಿನೇಳು ವರ್ಷದಲ್ಲಿ ಮೂರು ಬೋರ್ಡು ಕಂಡ ಅಂಗಡಿಯಿದು.

ಬೆಂಗಳೂರಿನಲ್ಲಿ ಕೂತವರಿಗೆ ಆ ಬೋರ್ಡೂ ದೂರವೇ. ಗೋಡೆಯ ಮೇಲೆ ಯಾರದೋ ಲೈಸೆನ್ಸ್ ಸಂಖ್ಯೆ, ಎದುರು ಕೂತು ಮಾತಾಡುವವರು ಬೇರೊಬ್ಬರು, ಫಾರಂ ತುಂಬುವವರು ಇನ್ನೊಬ್ಬರು. ಹಣ ಪಡೆದು ಸಲಹೆ ಕೊಡುವವರು ಎಲ್ಲೇ ಇರಲಿ, ಅವರಿಗೆ ಅಧಿಕಾರ ಇರಲೇಬೇಕು ಎನ್ನುತ್ತದೆ ಕೆನಡಾದ ಕಾನೂನು. ಆದರೆ ಅದರ ಕೈ ನಮ್ಮ ರೆಸಿಡೆನ್ಸಿ ರಸ್ತೆಯ ಮೂರನೇ ಮಹಡಿಯವರೆಗೆ ಸುಲಭಕ್ಕೆ ಚಾಚುವುದಿಲ್ಲ. ನಮ್ಮ 1983ರ ವಲಸೆ ಕಾಯಿದೆಯಾದರೂ ಇದೆಯಲ್ಲ ಎಂದರೆ, ಅದು ವಿದೇಶಿ ಕೆಲಸಕ್ಕೆ ಜನರನ್ನು ಕಳಿಸುವ ಏಜೆಂಟರ ಬಗ್ಗೆ ತಲೆಕೆಡಿಸಿಕೊಳ್ಳುತ್ತದೆಯೇ ಹೊರತು ಪಿಆರ್ (ಕಾಯಂ ವಾಸದ ಅನುಮತಿ) ಫೈಲ್ ಮಾರುವವರ ಬಗ್ಗೆ ಅಲ್ಲ.

ಇವೆಲ್ಲಕ್ಕಿಂತ ದೊಡ್ಡ ವಿಷಯ ಬೇರೆ ಇದೆ. ತಪ್ಪು ಯಾರು ಬರೆದರೂ ಶಿಕ್ಷೆ ಅರ್ಜಿದಾರನಿಗೆ. ಬೆಂಗಳೂರಿನ ಒಬ್ಬ ಹುಡುಗ, ಅಂಕ ನೋಡಿ ಪಿಆರ್‌ಗೆ ಆರಿಸುವ ಎಕ್ಸ್‌ಪ್ರೆಸ್ ಎಂಟ್ರಿಯಲ್ಲಿ ಒಂಟಿಯೆಂದು ಅರ್ಜಿ ಹಾಕಿದ ಎಂದಿಟ್ಟುಕೊಳ್ಳಿ. ಪಿಆರ್ ಕೈಗೆ ಬರುವ ಮುಂಚೆ ಮದುವೆಯಾಯಿತು. ಏಜೆಂಟ್ ಹೇಳುತ್ತಾನೆ: ‘ಈಗ ಹೇಳಿದ್ರೆ ಪಾಯಿಂಟ್ಸ್ ಬೀಳುತ್ತೆ ಸಾರ್, ಹೋಗಿ ಸೆಟ್ಲ್ ಆಗಿ, ಆಮೇಲೆ ಸ್ಪಾನ್ಸರ್ ಮಾಡೋಣ.’ ಹುಡುಗನಿಗೆ ಲೆಕ್ಕ ಸರಿಯೆನಿಸುತ್ತದೆ. ವಯಸ್ಸೊಂದಕ್ಕೇ ಒಂಟಿಗೆ ಗರಿಷ್ಠ 110 ಅಂಕ, ಜೋಡಿಗೆ 100. ಹೆಂಡತಿಯ ಓದು, ಇಂಗ್ಲಿಷ್ ಕಡಿಮೆಯಿದ್ದರೆ ಇನ್ನಷ್ಟು ಕಡಿತ. ಎರಡು ವರ್ಷ ಬಿಟ್ಟು ಸ್ಪಾನ್ಸರ್ ಅರ್ಜಿ ಹಾಕಿದಾಗ ಉತ್ತರ ಬರುತ್ತದೆ: ನೀನು ಬರುವಾಗ ಹೇಳದ, ನಾವು ಪರಿಶೀಲಿಸದ ಈ ಹೆಂಡತಿ ನಿನ್ನ ಕುಟುಂಬ ವರ್ಗಕ್ಕೆ ಸೇರುವುದಿಲ್ಲ. ಧಾರೆ ಎರೆದು ಕೊಟ್ಟ ಹೆಂಡತಿ ಕಾನೂನಿನ ಕಣ್ಣಿಗೆ ಹೊರಗಿನವಳು. 2019ರಿಂದ ಕೆಲವರಿಗೆ ಒಂದಿಷ್ಟು ರಿಯಾಯಿತಿ ಸಿಕ್ಕಿದೆಯಾದರೂ ಅದು ದಯೆಯೇ ಹೊರತು ಹಕ್ಕಲ್ಲ. ಸುಳ್ಳು ಮಾಹಿತಿಯೆಂದು ಸಾಬೀತಾದರೆ ಐದು ವರ್ಷದ ನಿಷೇಧದ ಕತ್ತಿ ಬೇರೆ.

ಹೊಟ್ಟೆ ಉರಿಯುವುದು ಇಲ್ಲಿ: ಆ ಸುಳ್ಳು ಬೇಕಾಗಿಯೇ ಇರಲಿಲ್ಲ. ಮದುವೆಯನ್ನು ಹೇಳಿ, ಹೆಂಡತಿ ಸದ್ಯಕ್ಕೆ ಜೊತೆಗೆ ಬರುವುದಿಲ್ಲ ಎಂದು ಬರೆದು, ಅವಳ ವೈದ್ಯಕೀಯ ತಪಾಸಣೆ ಮಾಡಿಸಿದ್ದರೆ, ಅಂಕವನ್ನು ಒಂಟಿಯಂತೆಯೇ ಲೆಕ್ಕ ಹಾಕುತ್ತಿದ್ದರು. ನಿಯಮ ಓದಿದವರಿಗೆ ಗೊತ್ತಿರುವ ದಾರಿಯಿದು.

ಇನ್ನು ಸ್ಪಾನ್ಸರ್ ಅರ್ಜಿ. ಫಾರಂಗಳು ಸರ್ಕಾರದ ತಾಣದಲ್ಲಿ ಉಚಿತ. ಮಕ್ಕಳ ತಾಪತ್ರಯ ಇಲ್ಲದ ಸಾಮಾನ್ಯ ಪ್ರಕರಣದಲ್ಲಿ ಗಂಡನಿಗೆ ಇಷ್ಟೇ ಸಂಬಳ ಇರಬೇಕೆಂಬ ಮಿತಿಯೂ ಇಲ್ಲ. ಹೆಂಡತಿಯ ಖರ್ಚಿಗೆ ಮೂರು ವರ್ಷ ತಾನು ಹೊಣೆಯೆಂಬ ಮುಚ್ಚಳಿಕೆ ಸಾಕು. ನಡುವೆ ವಿಚ್ಛೇದನವಾದರೂ ಆ ಹೊಣೆ ತಪ್ಪುವುದಿಲ್ಲ, ಇದನ್ನು ಹುಡುಗರಿಗೆ ಯಾರಾದರೂ ಗಟ್ಟಿಯಾಗಿ ಹೇಳಬೇಕು. ಉಳಿದದ್ದು ಮದುವೆ ನಿಜ ಎಂಬುದರ ಪುರಾವೆ: ಸಬ್‌ರಿಜಿಸ್ಟ್ರಾರ್ ಕಚೇರಿಯ ನೋಂದಣಿ ಪತ್ರ, ಲಗ್ನಪತ್ರಿಕೆ ಮತ್ತು ಅದರ ಇಂಗ್ಲಿಷ್ ಅನುವಾದ, ಫೋಟೊ, ವಾಟ್ಸ್‌ಆ್ಯಪ್ ಮಾತುಕತೆ, ವಿಮಾನದ ಟಿಕೆಟ್. ಹೆಣ್ಣು ನೋಡಲು ಬಂದ ದಿನ ಅತ್ತೆ ಏನು ಕೇಳಿದರು, ಉಪ್ಪಿಟ್ಟಿಗೆ ಉಪ್ಪು ಎಷ್ಟಿತ್ತು ಎನ್ನುವುದು ಯಾವ ಕನ್ಸಲ್ಟೆಂಟಿಗೆ ಗೊತ್ತು? ಅವರು ಬರೆದುಕೊಡುವ ‘ನಮ್ಮಿಬ್ಬರ ಕಥೆ’ ಹತ್ತು ಫೈಲಿನಲ್ಲಿ ಒಂದೇ ಥರ ಇದ್ದರೆ ಅಧಿಕಾರಿಗೆ ಅನುಮಾನ ಬರುವುದು ಸಹಜ. ಕನ್ಸಲ್ಟೆಂಟ್ ಇದ್ದರೆ ಫೈಲಿಗೆ ವಿಶೇಷ ಗಮನವಿಲ್ಲ ಎಂದು ಕೆನಡಾದ ವಲಸೆ ಇಲಾಖೆಯೇ ಹೇಳುತ್ತದೆ.

ಹಾಗಿದ್ದೂ ಜನ ಹೋಗುತ್ತಾರೆ. ತಾಲ್ಲೂಕು ಕಚೇರಿಯ ಪತ್ರ ಬರಹಗಾರ, ಆರ್‌ಟಿಒ ಹೊರಗಿನ ಏಜೆಂಟ್ ನಮಗೆ ಕಲಿಸಿದ ಅಭ್ಯಾಸವದು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಹಳೆಯ ಭಯ. ಕೆನಡಾ ಕೂಡ ಪುಟಗಟ್ಟಲೆ ಫಾರಂ ಹರಡಿ ಆ ಭಯಕ್ಕೆ ಎಣ್ಣೆ ಹೊಯ್ದಿದೆ.

ಪ್ರಾಮಾಣಿಕ ಕನ್ಸಲ್ಟೆಂಟರು ಇದ್ದಾರೆ, ಬಲ್ಲವರ ನೆರವು ಬೇಕಾಗುವವರೂ ಇದ್ದಾರೆ. ಹಿಂದೆ ವೀಸಾ ತಿರಸ್ಕಾರವಾಗಿದ್ದರೆ, ಮೊದಲ ಮದುವೆಯ ವಿಚ್ಛೇದನದ ತೊಡಕಿದ್ದರೆ, ಪೊಲೀಸ್ ಕೇಸ್ ಇದ್ದರೆ ಒಬ್ಬಂಟಿ ಸಾಹಸ ಬೇಡ. ಅಂಥವರು ನನ್ನ ಪ್ರಕಾರ ವಕೀಲರ ಹತ್ತಿರ ಹೋಗಬೇಕು. ನೇರ, ಸರಳ ಮದುವೆಗೂ ಲಕ್ಷದ ಮಾತಾಡುವವರ ಬಗ್ಗೆ ನನ್ನ ಸಿಟ್ಟು.

ಶಿಕ್ಷೆ ಅರ್ಜಿದಾರನಿಗೇ ಎಂಬ ಮಾತಿಗೆ ಮರಳಿದರೆ, 2023ರಲ್ಲಿ ಕೆನಡಾಕ್ಕೆ ಓದಲು ಹೋಗಿದ್ದ ಪಂಜಾಬಿನ ವಿದ್ಯಾರ್ಥಿಗಳ ವಿಷಯದಲ್ಲಿ ಏನಾಯಿತು? ಏಜೆಂಟ್ ಕೊಟ್ಟ ನಕಲಿ ಪ್ರವೇಶ ಪತ್ರಗಳು ವರ್ಷಗಳ ನಂತರ ಸಿಕ್ಕಿಬಿದ್ದವು, ಗಡೀಪಾರಿನ ನೋಟಿಸ್ ಬಂದದ್ದು ಮಕ್ಕಳಿಗೆ. ಅವರು ಬೀದಿಯಲ್ಲಿ ಧರಣಿ ಕೂತ ಮೇಲೆಯೇ ‘ನಿಜವಾಗಿ ಮೋಸಹೋದವರು ಯಾರು’ ಎಂದು ವಿಂಗಡಿಸಲು ಕೆನಡಾ ತಂಡ ರಚಿಸಿದ್ದು. ಈ ವಿಂಗಡಣೆಯನ್ನು ಧರಣಿಯಿಲ್ಲದೆ, ಪ್ರತಿ ಫೈಲಿಗೂ ಮಾಡುವಂತೆ ಕಾನೂನು ಬದಲಾಗಬೇಕು: ಸಲಹೆ ಕೊಟ್ಟವನ ಲಿಖಿತ ಮಾತೇ ಸುಳ್ಳಿಗೆ ಕಾರಣವೆಂದು ತೋರಿಸಿದರೆ ಐದು ವರ್ಷದ ನಿಷೇಧ ಅರ್ಜಿದಾರನ ತಲೆಗೆ ಬರಬಾರದು. ಅಲ್ಲಿಯವರೆಗೆ, ಯಾರ ಹತ್ತಿರವೇ ಹೋಗಿ, ಕಳಿಸುವ ಅರ್ಜಿಯ ಪೂರ್ತಿ ಪ್ರತಿಯನ್ನು ಕೇಳಿ ಗಂಡಹೆಂಡತಿ ಇಬ್ಬರೂ ಕೂತು ಓದಿ. ‘ಅದೆಲ್ಲ ನಾವು ನೋಡ್ಕೋತೀವಿ ಬಿಡಿ ಮೇಡಂ’ ಎಂದರೆ ಕೊಟ್ಟ ಅಡ್ವಾನ್ಸ್ ವಾಪಸ್ ಕೇಳಿ.